ಹತ್ತು ಡಿಗ್ರಿ

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾ ಎಂದು ಡಾಕ್ಟರು ನಿನ್ನೆ ಹೇಳಿದ್ದರು. ಹೇಳಿದ್ದು ಔಷಧಿ ಕೊಡುವ ಕಿಟಕಿಯ ಎದುರಿಗೆ, ನಾಲ್ಕು ಜನ ರೋಗಿಗಳು ಸಾಲಿನಲ್ಲಿ ನಿಂತಿದ್ದಾಗ. ಅವರಲ್ಲೊಬ್ಬ ತಿರುಗಿ ಶ್ರೀಪಾದನ ಕಾಲರು ನೋಡಿದ. ಅಷ್ಟೇ. ಆದರೆ ಆ ನೋಟ ರಾತ್ರಿಯೆಲ್ಲ ಕುತ್ತಿಗೆಯ ಹಿಂದೆ ಅಂಟಿಕೊಂಡಿದ್ದಂತಾಗಿ, ಬೆಳಿಗ್ಗೆ ಎದ್ದವನೇ ಹಿತ್ತಾಳೆಯ ತಂಬಿಗೆಯಲ್ಲಿ ಕೆಂಡ ತುಂಬಿ, ಇದ್ದುದರಲ್ಲಿ ಚೆನ್ನಾಗಿದ್ದ ಬಿಳಿ ಅಂಗಿಯನ್ನು ಚಾಪೆಯ ಮೇಲೆ ಹಾಸಿ ತಿಕ್ಕತೊಡಗಿದ. ಒಂದೇ ಕಡೆ ತಿಕ್ಕುತ್ತಿದ್ದಾನೆಂಬುದು ಅವನಿಗೇ ತಿಳಿದಿರಲಿಲ್ಲ. "ಸುಟ್ಟೀತು, ಎಷ್ಟು ತಿಕ್ಕತೀರಿ?" ಎಂದು ಹೆಂಡತಿ ತುಳಸಾಬಾಯಿ ಅಡಿಗೆಮನೆಯಿಂದ ಕೂಗಿದಾಗ ಕೈ ಎತ್ತಿದ. ಮೂರು ವಾರಗಳಿಂದ ಗಂಡ ಹೀಗೆ ನಿಂತಲ್ಲೇ ನಿಲ್ಲುವುದನ್ನು, ತಟ್ಟೆಯ ಮುಂದೆ ಕೂತು ತುತ್ತು ಮರೆಯುವುದನ್ನು ಅವಳು ನೋಡಿದ್ದಳು. ಬಿಸಿಲಿಗೆ ಪಿತ್ತ ಏರಿದೆ ಎಂದು ಕೊತ್ತಂಬರಿ ಬೀಜದ ಕಷಾಯ ಕುಡಿಸಿದ್ದಳು. ಅವನೂ ಕುಡಿದಿದ್ದ. ಅವಳು ಕೇಳದಿದ್ದುದು ಅವನಿಗೆ ಸಮಾಧಾನ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ನೆನೆದಾಗ ಬಾಯೊಳಗೆ ಕಷಾಯದ ರುಚಿಯೇ ಬರುತ್ತಿತ್ತು.

ಸೈಕಲ್ಲು ಹತ್ತಿ ಗದಗಿನ ಓಣಿಗಳನ್ನು ದಾಟಿ ಬೆಟಗೇರಿಗೆ ಬರುವಷ್ಟರಲ್ಲಿ ಬಿಸಿಲು ಬೆನ್ನು ಸುಡುತ್ತಿತ್ತು. ನೇಕಾರರ ಮನೆಗಳಿಂದ ಮಗ್ಗದ ಸದ್ದು. ಎಷ್ಟೋ ವರ್ಷದಿಂದ ಕೇಳಿ ಕೇಳಿ ಕೇಳದಂತಾಗಿದ್ದ ಆ ಸದ್ದು ಈಗ ಎಣಿಕೆಯಾಗಿ ಬರುತ್ತಿತ್ತು: ಹತ್ತು, ಹತ್ತು, ಒಂಬತ್ತು, ಹತ್ತು. ಆ ಒಂಬತ್ತನ್ನು ಬರೆದದ್ದೇ ಅವನನ್ನು ಹೆಚ್ಚು ಕಾಡುತ್ತಿತ್ತು. ಗಾಬರಿಯಲ್ಲಿ ಮನುಷ್ಯ ಸುಳ್ಳು ಬರೆಯಬಹುದು. ಆದರೆ ಸುಳ್ಳು ಖರೆಯಂತೆ ಕಾಣಲಿ ಎಂದು ನಡುವೆ ಒಂದು ಒಂಬತ್ತು ಹಾಕುವಾಗ ಗಾಬರಿ ಇರಲಿಲ್ಲ. ಕೈ ತಣ್ಣಗಿತ್ತು, ಅಕ್ಷರ ದುಂಡಗಿತ್ತು.

ಉಡಚಪ್ಪ ಡಾಕ್ಟರ ಎಲುಬಿನ ದವಾಖಾನೆ ಎರಡಂತಸ್ತಿನದು. ಕೆಳಗೆ ಎಂಟು ಹಾಸಿಗೆ, ಮೇಲೆ ಬಂದವರಿಗೆ ಕೋಣೆ. ಡಾಕ್ಟರು ಪರದೇಶಕ್ಕೆ ಹೋಗಿ ಕಲಿತು ಬಂದವರು; ಬರುವಾಗ ಅಲ್ಲಿನ ಆಸ್ಪತ್ರೆಯೊಂದು ಬಳಸಿ ಬಿಟ್ಟಿದ್ದ ಯಂತ್ರವೊಂದನ್ನು ಹಡಗಿನಲ್ಲಿ ತರಿಸಿದ್ದರು. ಆಪರೇಶನ್ ಆದ ಮೊಣಕಾಲಿಗೆ ತಣ್ಣೀರು ಸುತ್ತಿಸಿ ಬಾವು ಇಳಿಸುವ ಯಂತ್ರ. ಈ ಸೀಮೆಯಲ್ಲಿ ಅಂಥದು ಇನ್ನೊಂದಿರಲಿಲ್ಲ. ಅದನ್ನು ನೋಡಿಕೊಳ್ಳಲೆಂದೇ, ರೇಡಿಯೋ, ಫ್ರಿಜ್ಜು ರಿಪೇರಿ ಮಾಡುವ ಅಂಗಡಿಯಲ್ಲಿದ್ದ ಶ್ರೀಪಾದನನ್ನು ಕರೆದು ಕಂಪೌಂಡರ್ ಮಾಡಿಕೊಂಡಿದ್ದರು. ಲಕ್ಷ್ಮೇಶ್ವರದಲ್ಲಿ ಮೂರು ತಲೆಮಾರು ಹನುಮಪ್ಪನ ಪೂಜೆ ಮಾಡಿದ ಮನೆತನದ ಹುಡುಗ ಇಂಗ್ಲಿಷ್ ಯಂತ್ರದ ಮುಂದೆ ಮೊಣಕಾಲೂರಿ ಕೂತಿದ್ದು ನೋಡಿ, "ಇವನೂ ಪೂಜಾರಿನ" ಎಂದು ಡಾಕ್ಟರು ನಕ್ಕಿದ್ದರು. ಅವನಿಗೆ ಆ ಮಾತು ಸಿಹಿಯಾಗಿಯೇ ತಾಗಿತ್ತು.

ಹುಬ್ಬಳ್ಳಿಯಿಂದ ಇಬ್ಬರು ಡಾಕ್ಟರು ಬಂದಿದ್ದರು. ಒಬ್ಬರು ತರುಣರು, ಇನ್ನೊಬ್ಬರು ಬೆಳ್ಳಗಿನ ತಲೆಯ ವಯಸ್ಸಾದವರು. ತಾವೂ ಇಂಥದೊಂದು ತರಿಸಬೇಕೆಂದು ನೋಡಲು ಬಂದವರು. ಉಡಚಪ್ಪ ಡಾಕ್ಟರು ಶ್ರೀಪಾದನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಹೂಂ, ಹೇಳು. ತಿಳಿಯೂ ಹಂಗ ಹೇಳು" ಎಂದರು.

ಅವನು ಮುಚ್ಚಳ ತೆಗೆದ. ಹೇಳತೊಡಗಿದ ಮೇಲೆ ದನಿ ತಾನಾಗಿ ಬಂತು. ಈ ಕಡೆ ಬರ್ಫು ತುಂಬುವ ಪೆಟ್ಟಿಗೆ, ಅದರೊಳಗೆ ಹಾವಿನಂತೆ ಸುತ್ತಿಕೊಂಡ ತಾಮ್ರದ ಕೊಳವೆ. ಈ ಕಡೆ ನೀರಿನ ತೊಟ್ಟಿ. ಈ ಸಣ್ಣ ಮೋಟಾರು ನೀರನ್ನು ರಬ್ಬರ್ ನಳಿಗೆಯಲ್ಲಿ ದೂಡುತ್ತದೆ. ನೀರು ಮೊಣಕಾಲಿಗೆ ಕಟ್ಟಿದ ಪಟ್ಟಿಯೊಳಗೆ ಸುತ್ತಾಡಿ, ಮೈಯ ಬಿಸಿ ಹೊತ್ತುಕೊಂಡು ಇನ್ನೊಂದು ನಳಿಗೆಯಿಂದ ಹಿಂದಿರುಗುತ್ತದೆ. ಹಿಂದಿರುಗುವ ದಾರಿಯಲ್ಲಿ ಈ ತಾಮ್ರದ ಬುರುಡೆ, ಹೆಬ್ಬೆರಳಷ್ಟು. ಒಳಗೆ ಗ್ಯಾಸು. ನೀರು ಬೆಚ್ಚಗಾಗಿ ಬಂದರೆ ಗ್ಯಾಸು ಹಿಗ್ಗಿ ಈ ಎರಡು ಪಾಯಿಂಟುಗಳನ್ನು ಕೂಡಿಸುತ್ತದೆ. ಕರೆಂಟು ಹರಿದು ಬರ್ಫಿನ ಕಡೆಯ ಬಾಗಿಲು ತೆರೆಯುತ್ತದೆ, ನೀರು ಬರ್ಫಿನೊಳಗಿನ ಕೊಳವೆಯಲ್ಲಿ ಹಾಯ್ದು ತಣ್ಣಗಾಗುತ್ತದೆ. ಬೇಕಾದಷ್ಟು ತಣ್ಣಗಾದ ಕೂಡಲೇ ಗ್ಯಾಸು ಕುಗ್ಗುತ್ತದೆ, ಪಾಯಿಂಟು ಬಿಡುತ್ತವೆ, ಬಾಗಿಲು ಮುಚ್ಚುತ್ತದೆ. ನೀರು ಬರ್ಫಿಗೆ ಹೋಗದೆ ಹೊರಗಿಂದಲೇ ಸುತ್ತುತ್ತದೆ. ಈ ಗುಂಡಿಯನ್ನು ಹತ್ತಕ್ಕೆ ತಿರುಗಿಸಿ ಇಟ್ಟರೆ ಹತ್ತೇ ಡಿಗ್ರಿ. "ಬರ್ಫಿನ ಥಂಡಿ ರೋಗಿಗೆ ನೇರ ಹೋಗಬಾರದ್ರಿ. ಹೋಗದಂಗ ಕಾಯೂದ ಇದರ ಕೆಲಸ" ಎಂದ.

ಬೆಳ್ಳಗಿನ ತಲೆಯ ಡಾಕ್ಟರು ಬಗ್ಗಿ ಪಾಯಿಂಟುಗಳನ್ನೇ ನೋಡುತ್ತಿದ್ದರು. "ನಿಮ್ಮ ಕಡೆ ಕರೆಂಟು ಏರಿಳಿತ ಭಾಳಿರಬೇಕಲ್ಲ. ಕಿಡಿ ಹಾರಿ ಇವು ಅಂಟಿಕೊಂಡು ಬಿಟ್ಟರ?"

ಅಂಟಿಕೊಳ್ಳುತ್ತಿದ್ದವು. ಮಾಘಮಾಸದಿಂದಲೇ. ಮೊದಲ ಸಲ ಉಷ್ಣಮಾಪಕದ ಪಾದರಸ ಎಂಟಕ್ಕೆ, ಏಳಕ್ಕೆ ಇಳಿಯುವುದನ್ನು ಕಂಡು ಅವನು ಉಗುರಿನಿಂದ ಟಕ್ಕೆಂದು ಹೊಡೆದಾಗ ಅವು ಬಿಟ್ಟುಕೊಂಡಿದ್ದವು. ಡಾಕ್ಟರಿಗೆ ಹೇಳಿದ್ದ. "ಮುಂಬಯಿಗೆ ಬರದೀನಿ, ಸಾಮಾನು ಬರ್ತೈತಿ. ಅಲ್ಲೀತನಾ ನೀ ಅದೀಯಲ್ಲ, ಕಾಲು ತಾಸಿಗೊಮ್ಮೆ ನೋಡಿ ಬರಿ" ಎಂದಿದ್ದರು. ಎರಡು ತಿಂಗಳು ಅವನು ಯಂತ್ರದ ಪಕ್ಕ ಸ್ಟೂಲು ಹಾಕಿ ಕೂತು ಕಾಲು ತಾಸಿಗೊಮ್ಮೆ ನೋಡಿದ, ಉಗುರಿನಿಂದ ಹೊಡೆದ, ಬರೆದ. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದಿದ್ದುದೇ ಅವನನ್ನು ಕೆಡಿಸಿತು.

"ಹೇಳೋ" ಎಂದರು ಉಡಚಪ್ಪ ಡಾಕ್ಟರು.

"ಅಂಟಿಕೊಂಡರ ಬಾಗಲಾ ಮುಚ್ಚೂದಿಲ್ಲರಿ. ನೀರು ಬರ್ಫಿನಾಗ ಹಾಯಕೋತನ ಇರ್ತದ. ಎರಡು ಡಿಗ್ರಿತನಕ ಇಳೀತದ."

"ಎರಡು?" ತರುಣರು ಹುಬ್ಬೇರಿಸಿದರು. "ನೀ ನೋಡೀಯೇನು?"

"ಲೆಕ್ಕದ ಮ್ಯಾಲೆ ಹೇಳಿದ್ನಿರಿ." ಅವನ ಕಿವಿ ಬಿಸಿಯಾದವು.

ಉಡಚಪ್ಪ ಡಾಕ್ಟರು ನಕ್ಕು ಅವನ ಹೆಗಲ ಮೇಲೆ ಕೈ ಹಾಕಿದರು. "ನಮ್ಮಲ್ಲಿ ಹಂಗೆಲ್ಲ ಆಗಂಗಿಲ್ಲ. ಇವ ಅದಾನಲ್ಲ. ತೋರಸ್ತೀನಿ ತಡೀರಿ." ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚಾರ್ಟುಗಳಲ್ಲಿ ಹುಡುಕಿ ಒಂದನ್ನು ಎಳೆದರು. ಯಾವುದೆಂದು ಶ್ರೀಪಾದನಿಗೆ ದೂರದಿಂದಲೇ ಗೊತ್ತಾಯಿತು. ಬೇರೆ ಹಾಳೆಗಳಲ್ಲಿ ಅವನ ಅಂಕಿಗಳು ಓರೆಕೋರೆ; ಇದರಲ್ಲಿ ಮಾತ್ರ ನಡುವಿನ ಹನ್ನೊಂದು ಮನೆಗಳು ಒಂದೇ ಸಲ ಕೂತು ಬರೆದಂತೆ ನೆಟ್ಟಗಿದ್ದವು. "ಆರು ತಾಸು ಸತತ ನಡಸೀವಿ. ನೋಡ್ರಿ. ಹತ್ತು, ಹತ್ತು, ಒಂಬತ್ತು, ಹತ್ತು. ಒಂದು ಡಿಗ್ರಿಕಿಂತ ಹೆಚ್ಚು ಆಚೀಚೆ ಇಲ್ಲ."

ಬೆಳ್ಳಗಿನ ತಲೆಯವರು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು, "ಶಾಬಾಸ್" ಎಂದರು. ಅವನ ಕಡೆ ನೋಡಿ ಹೇಳಿದರು. ಏನಾದರೂ ಹೇಳಲೆಂದು ಅವನು ಬಾಯಿ ತೆರೆದ. ಬಂದದ್ದು "ಚಹಾ ತರಲಿಕ್ಕೆ ಹೇಳ್ತೀನ್ರಿ" ಎಂಬ ಮಾತು.

ಹೊರಗೆ ಮೊಗಸಾಲೆಯ ಕಂಬಕ್ಕೆ ಒರಗಿ ನಿಂತ. ಆ ದಿನವೂ ಹೀಗೇ ಬಿಸಿಲಿತ್ತು. ಅಂತೂರ ಬೆಂತೂರದ ಗುರುಸಿದ್ದವ್ವ ಚಕ್ಕಡಿಯಿಂದ ಇಳಿಯುವಾಗ ಜಾರಿ ಮೊಣಕಾಲಿನ ಚಿಪ್ಪು ಒಡೆದುಕೊಂಡು ಬಂದವಳು. ಐವತ್ತು ದಾಟಿದ, ಬಿಸಿಲಲ್ಲಿ ಒಣಗಿದ ಗಟ್ಟಿ ಹೆಂಗಸು. ಆಪರೇಶನ್ನಿನ ಮರುದಿನ ಪಟ್ಟಿ ಕಟ್ಟಿ ಯಂತ್ರ ಹಚ್ಚಿದ್ದ. ಹತ್ತು ಗಂಟೆಗೆ ಡಾಕ್ಟರು ಬಂದು, "ಮನ್ಯಾಗ ಫ್ರಿಜ್ ನಿಂತೈತಿ, ಬೀಗರು ಬರಾಕ ಹತ್ಯಾರ, ಜಲ್ದಿ ನೋಡಿ ಬಾ" ಎಂದರು. ನರ್ಸು ಮರಿಯವ್ವ ಅಂದು ರಜೆ; ಗುರುಸಿದ್ದವ್ವನ ಮಗ ಎತ್ತುಗಳಿಗೆ ಮೇವು ಹಾಕಲು ಊರಿಗೆ ಹೋಗಿದ್ದ. ಯಂತ್ರ ಬಂದ್ ಮಾಡಲೇ ಎಂದು ಕೇಳಬೇಕಿತ್ತು. ಕೇಳಿದರೆ, ಅಷ್ಟೂ ತಿಳಿಯಂಗಿಲ್ಲೇನು ಎಂಬ ಮುಖ ನೋಡಬೇಕಾಗುತ್ತಿತ್ತು. ಹೊರಡುವಾಗ ಗುರುಸಿದ್ದವ್ವ ಕೂಗಿದಳು. "ರಾಯರ, ಕಾಲು ಉರಿಯಾಕ ಹತ್ತೈತ್ರೀ. ಥಂಡಿ ಅಂದ್ರ ಉರಿ ಹತ್ತತೈತೇನ್ರಿ?" ಅವನು ಬಾಗಿಲಲ್ಲಿ ನಿಂತೇ ಹೇಳಿದ: "ಮೊದಲು ಹಂಗ ಅನಸ್ತದ. ಆಮ್ಯಾಲೆ ಗೊತ್ತಾಗೂದಿಲ್ಲ."

ಅದು ಅಪ್ಪನ ಮಾತು. ಮಾರ್ಗಶಿರದ ಬೆಳಗಿನಲ್ಲಿ ಲಕ್ಷ್ಮೇಶ್ವರದ ಬಾವಿಕಟ್ಟೆಯ ಮೇಲೆ, ಎಂಟು ವರ್ಷದ ಅವನು ಮಡಿನೀರು ತರುವ ಮುಂಚೆ ಮೈಮೇಲೆ ತಣ್ಣೀರು ಸುರಿದುಕೊಳ್ಳುತ್ತ ಹಲ್ಲು ಕಡಿಯುತ್ತಿದ್ದಾಗ, ಅಪ್ಪ ದೂರದಲ್ಲಿ ಒದ್ದೆ ಪಂಚೆಯಲ್ಲಿ ನಿಂತು, "ಎರಡು ತಂಬಗಿ ಆಗೂತನಾ ಅಷ್ಟ, ಆಮ್ಯಾಲೆ ಗೊತ್ತಾಗೂದಿಲ್ಲ" ಎನ್ನುತ್ತಿದ್ದ. ಖರೆ, ಗೊತ್ತಾಗುತ್ತಿರಲಿಲ್ಲ. ಬೆರಳುಗಳು ಯಾರವೋ ಆಗಿ, ಕೊಡದ ಹಗ್ಗ ಕೈಗೆ ಸಿಕ್ಕಿದೆಯೋ ಇಲ್ಲವೋ ತಿಳಿಯದೆ ಒಮ್ಮೆ ಕೊಡವೇ ಬಾವಿಗೆ ಬಿದ್ದು ಹೋಗಿತ್ತು. ಅಪ್ಪ ಹೊಡೆದ. ಹೊಡೆದದ್ದೂ ಗೊತ್ತಾಗಿರಲಿಲ್ಲ.

ಎರಡು ಓಣಿ ಆಚೆಯ ಡಾಕ್ಟರ ಮನೆಯಲ್ಲಿ ಅವನನ್ನು ಹಿತ್ತಿಲ ಬಾಗಿಲಿನಿಂದ ಕರೆದರು. ಡಾಕ್ಟರ ಹೆಂಡತಿ ರೇಣುಕವ್ವ ಯಾರಿಗೋ, "ಯಾರಿಲ್ಲ, ರಿಪೇರಿಯವ ಬಂದಾನ" ಎಂದಳು. ಬಗ್ಗಿ ಫ್ರಿಜ್ಜಿನ ಹಿಂದೆ ತಲೆ ತೂರಿದವನಿಗೆ ಆ ಮಾತು ಬೆನ್ನಿಗೆ ಬಡಿಯಿತು. ರೋಷಕ್ಕೋ ಏನೋ, ಆ ಫ್ರಿಜ್ಜನ್ನು ಪೂರ್ತಿ ಬಿಚ್ಚಿ, ಒರೆಸಿ, ಗೊತ್ತಿದ್ದುದನ್ನೆಲ್ಲ ತೋರಿಸಿ ಕೂಡಿಸಿದ. ಅರ್ಧ ತಾಸಿನ ಕೆಲಸಕ್ಕೆ ಎರಡೂವರೆ ತಾಸು. ನಡುವೆ ಗೋಡೆಯ ಗಡಿಯಾರ ಹನ್ನೊಂದು ಹೊಡೆದದ್ದು, ಹನ್ನೆರಡು ಹೊಡೆದದ್ದು ಕೇಳಿದ್ದ. ಕೇಳಿಯೂ ಕೂತಿದ್ದ. ಮೂರು ವಾರಗಳಿಂದ ಅವನು ಹಿಂದಿರುಗಿ ಹೋಗಿ ನಿಲ್ಲುತ್ತಿದ್ದುದು ಆ ಹನ್ನೆರಡರ ಹತ್ತಿರವೇ. ಎದ್ದುಬಿಡಬಹುದಿತ್ತು.

ಹನ್ನೆರಡೂ ಮುಕ್ಕಾಲಿಗೆ ದವಾಖಾನೆಗೆ ಬಂದಾಗ ಗುರುಸಿದ್ದವ್ವ ಅಂಗಾತ ಮಲಗಿದ್ದಳು. ಮುಖದಲ್ಲಿ ಒಂದು ಬಗೆಯ ನಿರಾಳ. "ಈಗ ಏನೂ ಇಲ್ಲರೀ. ಹಗುರ ಆಗೇತಿ. ಕಾಲ ಇಲ್ಲದಂಗ ಆಗೇತಿ ನೋಡ್ರಿ" ಎಂದಳು. ತನ್ನ ಮಾತು ನಿಜವಾಯಿತಲ್ಲ ಎಂದು ಅವನಿಗೆ ಒಂದು ಗಳಿಗೆ ಸಂತೋಷವೂ ಆಯಿತು. ಆಮೇಲೆ ಉಷ್ಣಮಾಪಕ ನೋಡಿದ. ಎರಡು. ಉಗುರಿನಿಂದ ಹೊಡೆದ, ಪಾಯಿಂಟು ಬಿಟ್ಟುಕೊಂಡವು. ಪೆನ್ನು ತೆಗೆದು ಖಾಲಿ ಇದ್ದ ಹನ್ನೊಂದು ಮನೆಗಳನ್ನು ತುಂಬಿದ. ಪಟ್ಟಿ ಎತ್ತಿ ಕೆಳಗೆ ಏನಾಗಿದೆ ಎಂದು ನೋಡಲಿಲ್ಲ. ನೋಡದಿದ್ದರೆ ಏನೂ ಆಗಿರುವುದಿಲ್ಲ ಎಂಬಂತೆ, ಸಂಜೆ ನಾಲ್ಕರವರೆಗೆ ನೋಡಲಿಲ್ಲ. ನಾಲ್ಕಕ್ಕೆ ಬಿಚ್ಚಿದಾಗ ಮೊಣಕಾಲಿನ ಹೊರಮಗ್ಗುಲ ಚರ್ಮ ಮೇಣದಂತೆ ಬೆಳ್ಳಗಿತ್ತು. ಮರುದಿನ ನೇರಳೆ; ವಾರಕ್ಕೆ ಕಪ್ಪು. ಪಾದ ಮೇಲಕ್ಕೆ ಏಳಲೇ ಇಲ್ಲ. ಎತ್ತಿ ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಒದ್ದೆ ಅರಿವೆಯ ಹಾಗೆ ಇಳಿಬೀಳುತ್ತಿತ್ತು. ಡಾಕ್ಟರು ಹೆಬ್ಬೆರಳಿಗೆ ಸೂಜಿ ಚುಚ್ಚಿದಾಗ ಆಕೆ ಕಿಟಕಿಯಾಚೆ ಗುಬ್ಬಿ ನೋಡುತ್ತಿದ್ದಳು. ಡಾಕ್ಟರು ಚಾರ್ಟು ತರಿಸಿ ನೋಡಿದರು, ಒಂದು ಸಲ ಶ್ರೀಪಾದನ ಮುಖ ನೋಡಿದರು, ಆಮೇಲೆ ಆಕೆಯ ಮಗ ಉಳವಪ್ಪನಿಗೆ ಹೇಳಿದರು: "ಬಿದ್ದಾಗನ ನರ ಜಜ್ಜೈತಿ. ಯಂತ್ರದ್ದೇನೂ ಇಲ್ಲ, ಬರದಿಟ್ಟೈತಿ ನೋಡು." ಉಳವಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೂ ಹಾಳೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದ.

ಹುಬ್ಬಳ್ಳಿಯವರು ಮೇಲೆ ಊಟಕ್ಕೆ ಹೋದರು. ಅಂದೇ ಗುರುಸಿದ್ದವ್ವನನ್ನು ಮನೆಗೆ ಕಳಿಸುವುದಿತ್ತು. ಉಳವಪ್ಪ ಅಂಗಳದ ಬೇವಿನ ನೆರಳಿಗೆ ಚಕ್ಕಡಿ ತಂದು, ಜೋಳದ ಕಣಿಕೆ ಹಾಸಿ, ಮೇಲೆ ಕೌದಿ ಹರಡುತ್ತಿದ್ದ. ಆಕೆ ಮರಿಯವ್ವನ ಹೆಗಲು ಹಿಡಿದು ಮೊಗಸಾಲೆಗೆ ಬಂದಳು. ಬಲಗಾಲು ಊರುವಾಗ ಪಾದದ ತುದಿ ನೆಲಕ್ಕೆ ಕೆರೆದು ಸರ್ರೆಂದಿತು. ಮತ್ತೊಮ್ಮೆ ಸರ್ರೆಂದಿತು. ಆಕೆಯನ್ನು ಕಟ್ಟೆಯ ಮೇಲೆ ಕೂಡಿಸಿ ಮರಿಯವ್ವ ಒಳಗೆ ಹೋದಳು.

"ಬರ್ತೀನ್ರಿ ರಾಯರ" ಎಂದಳು ಗುರುಸಿದ್ದವ್ವ. "ಭಾಳ ಜ್ವಾಕಿ ಮಾಡಿದ್ರಿ. ನನ್ನ ಹಣ್ಯಾಗ ಇದ್ದದ್ದು ಆತು. ಹೊಲಕ್ಕ ಹೋಗಾಕ ಆಗಂಗಿಲ್ಲ, ಕುಂತು ಹತ್ತಿ ಬಿಡಸ್ತೀನಿ."

ಅವನು ಆಕೆಯ ಎದುರು ನಿಂತ. "ನಿಮ್ಮ ಹಣ್ಯಾಗ ಇದ್ದದ್ದಲ್ಲರಿ ಅದು" ಎಂದ. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. "ಯಂತ್ರ ಕೆಟ್ಟಿತ್ತು. ನನಗ ಗೊತ್ತಿತ್ತು. ನಾ ಹಾಕಿ ಹ್ವಾದೆ. ಎರಡೂವರೆ ತಾಸು ನಿಮ್ಮ ಕಾಲಿಗೆ ಬರ್ಫಿನ ನೀರ ಹರೀತು. ಬಂದು ಸುಳ್ಳು ಬರದೆ. ಆ ಹಾಳ್ಯಾಗಿರೂದು ಸುಳ್ಳು."

ಕೌದಿಯ ಮೇಲೆ ಉಳವಪ್ಪನ ಕೈಗಳು ನಿಂತಿದ್ದವು.

"ಉರೀತೈತಿ ಅಂತ ನಾ ಅಂದಿದ್ದೆ" ಎಂದಳು ಆಕೆ ನಿಧಾನವಾಗಿ, ನೆನಪು ಮಾಡಿಕೊಳ್ಳುವವಳ ಹಾಗೆ.

"ಅಂದಿದ್ರಿ."

"ನೀವು ಬಾಗಲದಾಗ ನಿಂತಿದ್ರಿ. ಮುಟ್ಟಿ ನೋಡಲಿಲ್ಲ." ಸೀರೆ ಎಳೆದು ಮೊಣಕಾಲು ಮುಚ್ಚಿಕೊಂಡಳು. "ಪೂಜಿ ಮಾಡೂ ಮನಿಯವರು, ನಮ್ಮ ಕಾಲು ಹೆಂಗ ಮುಟ್ಟತಾರ ಅಂತ ನಾನ ತಿಳಕೊಂಡೆ. ಮತ್ತ ಕೂಗಲಿಲ್ಲ."

ಈ ಮಾತನ್ನು ಅವನು ಎಣಿಸಿರಲಿಲ್ಲ. ಆಕೆ ಬಯ್ಯುತ್ತಾಳೆ, ಅಳುತ್ತಾಳೆ, ಉಳವಪ್ಪ ಹೊಡೆಯುತ್ತಾನೆ ಎಂದೆಲ್ಲ ಮೂರು ವಾರ ಕಲ್ಪಿಸಿಕೊಂಡು ಅದಕ್ಕೆಲ್ಲ ಸಿದ್ಧನಾಗಿದ್ದ. ಆ ಬೆಳಿಗ್ಗೆ ಪಟ್ಟಿ ಕಟ್ಟುವಾಗಲೂ ಆಕೆಯ ಮಗನಿಂದಲೇ ಕಾಲು ಎತ್ತಿಸಿ, ತಾನು ಬರೇ ಪಟ್ಟಿಯ ತುದಿ ಹಿಡಿದು ಬಿಗಿದದ್ದು ನೆನಪಾಯಿತು. ಹಾಗೆ ಯಾಕೆ ಮಾಡಿದೆ? ನೋವಾಗಬಾರದೆಂದೇ? ಮಡಿ, ಮೈಲಿಗೆ ಎಲ್ಲ ಬಾವಿಕಟ್ಟೆಯ ಮೇಲೆಯೇ ಬಿಟ್ಟು ಬಂದೆ ಎಂದುಕೊಂಡಿದ್ದ. ಚಹಾದಂಗಡಿಯಲ್ಲಿ ಎಲ್ಲರ ಜೊತೆ ಕುಡಿಯುತ್ತಿದ್ದ. ಆದರೂ, ಮುಟ್ಟದಿದ್ದುದು ಅದಕ್ಕಲ್ಲ ಎಂದು ಈಗ ಆಕೆಗೆ ಹೇಳಲು ಬಾಯಿ ಬರಲಿಲ್ಲ. ತನಗೇ ಗೊತ್ತಿರಲಿಲ್ಲ.

ಉಳವಪ್ಪ ಹತ್ತಿರ ಬಂದ. ಹೊಡೆಯಲಿಲ್ಲ. "ಈಗ ಹೇಳಿದ್ದು ಬರದು ಕೊಡ್ತೀರೇನು?" ಎಂದ. "ನನಗ ಓದಾಕ ಬರಂಗಿಲ್ಲ. ಬರದದ್ದಕ್ಕ ಮಂದಿ ನಂಬತಾರ, ಅಷ್ಟು ಗೊತ್ತೈತಿ."

ಶ್ರೀಪಾದ ಒಳಗೆ ಹೋದ. ಚಾರ್ಟು ಯಂತ್ರದ ಮೇಲೆಯೇ ಇತ್ತು. ಹನ್ನೊಂದು ಅಂಕಿಗಳ ಮೇಲೂ ಗೆರೆ ಎಳೆದು, ಹತ್ತು ಮನೆಗಳಲ್ಲಿ 'ನೋಡಿಲ್ಲ' ಎಂದೂ ಹನ್ನೊಂದನೆಯದರಲ್ಲಿ 'ಎರಡು' ಎಂದೂ ಬರೆದ. ಕೆಳಗೆ, ಯಂತ್ರ ಕೆಟ್ಟದ್ದು ಎಂದಿನಿಂದ, ಅದನ್ನು ಯಾರಿಗೆ ಹೇಳಿದ್ದೆ, ಆ ಹೊತ್ತಿನಲ್ಲಿ ತಾನು ಎಲ್ಲಿದ್ದೆ, ಯಾರು ಕಳಿಸಿದ್ದು ಎಂದು ನಾಲ್ಕು ಸಾಲು ಬರೆದು ಸಹಿ ಮಾಡುತ್ತಿದ್ದಾಗ ಡಾಕ್ಟರು ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಇಳಿದು ಬಂದರು. ಹಾಳೆ ಓದಿದರು. ಎರಡು ಸಲ ಓದಿದರು.

"ಮ್ಯಾಲೆ ಅವರು ಕುಂತಾರ" ಎಂದರು ಸಣ್ಣ ದನಿಯಲ್ಲಿ. "ನಿನ್ನ ಹೊಟ್ಟಿ ಮ್ಯಾಲೆ ನೀನ ಕಲ್ಲು ಎಳಕೊಳ್ಳಾಕ ಹತ್ತೀಯಲ್ಲೋ. ಇದರಿಂದ ಆಕಿ ಕಾಲು ಬರ್ತೈತೇನು?"

"ಬರೂದಿಲ್ಲರಿ."

"ಯಂತ್ರ ಕೆಟ್ಟೈತಿ ಅಂತ ನೀ ನನಗ ಹೇಳೇ ಇಲ್ಲ."

ಶ್ರೀಪಾದ ಅವರ ಮುಖ ನೋಡಿದ. ಅಲ್ಲಿ ಸುಳ್ಳು ಹೇಳುವವನ ಕಳವಳವೇನೂ ಇರಲಿಲ್ಲ. ಹಾಳೆಯಲ್ಲಿ ಒಂಬತ್ತು ಬರೆಯುವಾಗ ತನ್ನ ಮುಖವೂ ಹೀಗೇ ಇದ್ದಿರಬೇಕು. ಸಿಟ್ಟು ಬರಲಿಲ್ಲ, ನಾಚಿಕೆ ಬಂತು, ಇಬ್ಬರದೂ ಸೇರಿ. "ಹೇಳಿದ್ದೆ ಅಂತ ಬರದೀನ್ರಿ" ಎಂದು ಹಾಳೆಗೆ ಕೈ ಚಾಚಿದ. ಡಾಕ್ಟರು ಹರಿಯುತ್ತಾರೆ ಎಂದುಕೊಂಡ. ಹರಿಯಲಿಲ್ಲ. ಕಿಟಕಿಯಾಚೆ ಚಕ್ಕಡಿಯ ಪಕ್ಕ ನಿಂತು ಒಳಗೇ ನೋಡುತ್ತಿದ್ದ ಉಳವಪ್ಪನನ್ನು ಕಂಡು, ಹಾಳೆಯನ್ನು ಯಂತ್ರದ ಮೇಲೆ ಬಿಟ್ಟು, "ನಾಳಿಂದ ಬರಬ್ಯಾಡ" ಎಂದು ಮೆಟ್ಟಿಲು ಹತ್ತಿದರು. ಮೇಲೆ ಹೋಗುತ್ತಲೇ ಅವರ ನಗು ಕೇಳಿಸಿತು, ಹುಬ್ಬಳ್ಳಿಯವರಿಗೆ ಏನೋ ಬಡಿಸಲು ಹೇಳುತ್ತಿದ್ದರು.

ಹಾಳೆಯನ್ನು ಕೊಟ್ಟಾಗ ಉಳವಪ್ಪ, "ಓದ್ರಿ" ಎಂದ. ಅಂಗಳದಲ್ಲಿ ಮರಿಯವ್ವ, ಔಷಧಿಗೆ ಕಾದಿದ್ದ ಮೂರು ಜನ, ಎಲ್ಲರೂ ನೋಡುತ್ತಿದ್ದರು. ಶ್ರೀಪಾದ ಒಂದೊಂದಾಗಿ ಓದಿದ. "ಹತ್ತೂಕಾಲು, ನೋಡಿಲ್ಲ. ಹತ್ತೂವರೆ, ನೋಡಿಲ್ಲ." ಕೊನೆಯವರೆಗೂ ಓದಿದ. ಉಳವಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನಲ್ಲಿ ಸಿಕ್ಕಿಸಿಕೊಂಡ. ತಾಯಿಯ ಕಂಕುಳಿಗೆ ಕೈ ಹಾಕಿ ಎತ್ತಿ ಚಕ್ಕಡಿಯ ಅಂಚಿಗೆ ಕೂಡಿಸಿ, ತಾನು ಮೇಲೆ ಹತ್ತಿ ಆಕೆಯನ್ನು ಹಿಂದಕ್ಕೆ ಎಳೆದುಕೊಳ್ಳತೊಡಗಿದ. ಬಲಗಾಲು ಅಂಚಿನಿಂದ ಹೊರಗೆ ಜೋತಾಡುತ್ತಿತ್ತು.

"ಕಾಲ ಎತ್ತಿ ಒಳಗ ಇಡ್ರಿ" ಎಂದಳು ಗುರುಸಿದ್ದವ್ವ. ಅವನಿಗೇ ಹೇಳಿದಳು.

ಶ್ರೀಪಾದ ಎರಡೂ ಕೈಗಳಿಂದ ಪಾದವನ್ನು ಹಿಡಿದ. ಒಡೆದ ಹಿಮ್ಮಡಿ, ಬಿರುಸು ಚರ್ಮ. ಪಾದ ಬೆಚ್ಚಗಿತ್ತು, ಎಲ್ಲರ ಪಾದದ ಹಾಗೆ ಬೆಚ್ಚಗಿತ್ತು. ಅದು ಅವನು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಕೌದಿಯ ಮೇಲೆ ಇಡಲು ಹೋದವನು ಇಡಲಾರದೆ ಹಾಗೆಯೇ ನಿಂತ.

ಆಕೆ ಬೇವಿನ ಮರದ ಕಡೆ ಮುಖ ಮಾಡಿಕೊಂಡಿದ್ದಳು. ತಿರುಗದೆಯೇ ಕೇಳಿದಳು: "ಹಿಡದೀರೇನ್ರಿ, ಬಿಟ್ಟೀರೇನ್ರಿ?"

"ಹಿಡದೀನ್ರಿ" ಎಂದ.